ಟಂಬ್ಲರ್‌ನಲ್ಲಿ ಹೊಳಪು ಕೊಟ್ಟ ಕಲ್ಲುಗಳ ಸಂದಿಯಲ್ಲಿ ಉಳಿಯುವ ಬಿಳಿ ಪುಡಿಯನ್ನು ತೆಗೆಯುವುದು ಹೇಗೆ?

ಪ್ರಶ್ನೆ
ಬರೆದವರು: ಬಳ್ಳಾರಿ_ಶಿಲೆ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಹವ್ಯಾಸಕ್ಕೆಂದು ರಬ್ಬರ್ ಡ್ರಮ್ಮಿನ ಸಣ್ಣ ಟಂಬ್ಲರ್ (ಕಲ್ಲುಗಳನ್ನು ಉಜ್ಜುಪುಡಿ, ನೀರಿನೊಂದಿಗೆ ಉರುಳಿಸುವ ಯಂತ್ರ) ಒಂದನ್ನು ಇಟ್ಟುಕೊಂಡು, ನಮ್ಮ ಭಾಗದಲ್ಲಿ ಸಿಗುವ ಕಲ್ಲುಗಳನ್ನು ಉರುಳಿಸಿ ಹೊಳಪು ಕೊಡುತ್ತಿದ್ದೇನೆ. ಈ ಬಾರಿ ಹಾಕಿದ್ದು ಮೂರು ಬಗೆಯ ಕಲ್ಲುಗಳು: ಸಂಡೂರು ಕಡೆಯ ಪಟ್ಟೆಗಲ್ಲು, ಅಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು ಮತ್ತು ಕೆಂಪು ಜಾಸ್ಪರ್ ಪದರ ಪದರವಾಗಿ ಕೂಡಿಕೊಂಡಿರುವ ಕಲ್ಲು, ರಾಯಚೂರಿನ ಗೆಳೆಯರೊಬ್ಬರು ಕೃಷ್ಣಾ ನದಿಯ ದಂಡೆಯಲ್ಲಿ ಆರಿಸಿ ಕೊಟ್ಟ ಅಗೇಟ್ ಹರಳುಗಳು, ಮತ್ತು ಹೊಲದ ಬದುವಿನಲ್ಲಿ ಸಿಕ್ಕ ಬಿಳಿ ಬೆಣಚುಕಲ್ಲು. 80, 220 ಮತ್ತು 500 ಗ್ರಿಟ್‌ನ ಸಿಲಿಕಾನ್ ಕಾರ್ಬೈಡ್ ಉಜ್ಜುಪುಡಿಯ ಹಂತಗಳು (ಗ್ರಿಟ್ ಅಂಕಿ ಹೆಚ್ಚಾದಷ್ಟೂ ಪುಡಿ ನಯ) ಮುಗಿದ ಮೇಲೆ ಅಲ್ಯುಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ ಹಾಕಿ ಕೊನೆಯ ಹಂತವನ್ನು ಮುಗಿಸಿದೆ.

ಹೊಳಪೇನೋ ಚೆನ್ನಾಗಿಯೇ ಬಂದಿದೆ. ತೊಂದರೆ ಇರುವುದು ಕಲ್ಲು ಒಣಗಿದ ಮೇಲೆ. ಅಗೇಟ್‌ಗಳಲ್ಲಿರುವ ಸಣ್ಣ ಸಣ್ಣ ಗುಳಿಗಳ ತುಂಬ ಬಿಳಿ ಪುಡಿ ಗಟ್ಟಿಯಾಗಿ ಕೂತಿದೆ. ಪಟ್ಟೆಗಲ್ಲುಗಳಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ: ಕೆಂಪು ಪಟ್ಟೆಗೂ ಉಕ್ಕಿನ ಬಣ್ಣದ ಪಟ್ಟೆಗೂ ನಡುವೆ, ಯಾರೋ ಸುಣ್ಣದಲ್ಲಿ ಗೆರೆ ಎಳೆದ ಹಾಗೆ, ಕೂದಲೆಳೆಯ ದಪ್ಪದ ಬಿಳಿ ಗೆರೆ. ಇದಲ್ಲದೆ ಎಲ್ಲ ಕಲ್ಲುಗಳ ಮೇಲೂ ತೆಳ್ಳನೆಯ ಮಸುಕೊಂದು ಇದೆ. ನೀರಿನಲ್ಲಿ ಅದ್ದಿದರೆ ಎಲ್ಲವೂ ಮಾಯವಾಗುತ್ತದೆ, ಒಣಗಿದರೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಹಲ್ಲುಜ್ಜುವ ಬ್ರಷ್ ಮತ್ತು ಬಟ್ಟೆ ಒಗೆಯುವ ಸಾಬೂನು ಬಳಸಿ ತಿಕ್ಕಿದ್ದಾಯಿತು. ಗುಳಿಯ ಬಾಯಿಯಲ್ಲಿದ್ದದ್ದು ಸ್ವಲ್ಪ ಹೋಯಿತೇ ಹೊರತು ಒಳಗಿನದು ಕದಲಲಿಲ್ಲ, ಮಸುಕಂತೂ ಮೊದಲಿಗಿಂತ ಹೆಚ್ಚಾದಂತೆ ತೋರುತ್ತಿದೆ. ಪರಿಚಯದವರೊಬ್ಬರು ಬಾತ್‌ರೂಮ್ ತೊಳೆಯುವ ಆ್ಯಸಿಡ್‌ನಲ್ಲಿ ಒಂದು ರಾತ್ರಿ ನೆನೆಸಿಡಲು ಹೇಳಿದ್ದಾರೆ. ಹಾಗೆ ಮಾಡಬಹುದೇ? ಗುಳಿಯೊಳಗಿನ ಬಿಳಿಯೂ ಮೇಲಿನ ಮಸುಕೂ ಒಂದೇ ವಸ್ತುವೇ? ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳ ಕೈಗೆ ಕೊಡಬೇಕೆಂದಿರುವ ಕಲ್ಲುಗಳಿವು. ಹಾಗಾಗಿ ಕಲ್ಲೂ ಕೆಡಬಾರದು, ಮುಟ್ಟುವವರಿಗೂ ಅಪಾಯವಾಗಬಾರದು.


ಉತ್ತರ 1
ಬರೆದವರು: ಕೃಷ್ಣೆಯ_ದಂಡೆ (ರಾಯಚೂರು)

ಮೊದಲು ಆ್ಯಸಿಡ್ ವಿಚಾರ ಮುಗಿಸಿಬಿಡೋಣ: ದಯವಿಟ್ಟು ಬೇಡ. ಗುಳಿಯಲ್ಲಿ ಕೂತಿರುವುದು ಅಲ್ಯುಮಿನಿಯಂ ಆಕ್ಸೈಡ್ ಆಗಿದ್ದರೆ ಬಾತ್‌ರೂಮ್ ಆ್ಯಸಿಡ್‌ಗೆ, ಅಂದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ, ಅದು ಜಗ್ಗುವುದೇ ಇಲ್ಲ. ಕುರಂದ ಮತ್ತು ಮಾಣಿಕ್ಯ ಯಾವ ವಸ್ತುವಿನಿಂದ ಆಗಿವೆಯೋ ಅದೇ ವಸ್ತು ಅದು. ಆ್ಯಸಿಡ್ ತಿನ್ನುವುದು ಪುಡಿಯನ್ನಲ್ಲ, ಕಲ್ಲಿನಲ್ಲಿರುವ ಮೆದು ಭಾಗವನ್ನು. ಕೃಷ್ಣೆ ಹೊತ್ತು ತರುವ ಅಗೇಟ್‌ಗಳ ಮೂಲ ಮೇಲ್ಭಾಗದ ದಖ್ಖನ್ನಿನ ಕಪ್ಪು ಬಸಾಲ್ಟ್ ಪದರಗಳು; ಅಂಥ ಅಗೇಟ್‌ಗಳ ಪೊಟರೆಗಳಲ್ಲಿ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜ, ಇರುವುದು ಸಾಮಾನ್ಯ. ಆ್ಯಸಿಡ್ ಆ ಕ್ಯಾಲ್ಸೈಟನ್ನು ಕರಗಿಸಿ ಗುಳಿಯನ್ನು ಇನ್ನಷ್ಟು ಆಳ ಮಾಡುತ್ತದೆ, ಮುಂದಿನ ಸಲ ಅಲ್ಲಿ ಇನ್ನೂ ಹೆಚ್ಚು ಪುಡಿ ತುಂಬಿಕೊಳ್ಳುತ್ತದೆ. ಪಟ್ಟೆಗಲ್ಲಿನ ಕಬ್ಬಿಣದ ಪದರಕ್ಕೂ ಅದು ಒಳ್ಳೆಯದಲ್ಲ. ಒಂದು ರಾತ್ರಿ ಬಿಟ್ಟರೆ ನೀರು ಹಳದಿಯಾಗಿ ಕಲ್ಲಿನ ಮೈ ಮಂಕಾಗುವ ಸಂಭವವಿದೆ. ಮಕ್ಕಳ ಕೈಗೆ ಹೋಗುವ ಕಲ್ಲಿನ ಬಿರುಕಿನಲ್ಲಿ ಆಮ್ಲ ಉಳಿದಿರುವುದಂತೂ ಬೇಡವೇ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನೀವು ವಿವರಿಸಿದ್ದನ್ನು ಓದಿದರೆ ಗುಳಿಯಲ್ಲಿರುವ ಬಿಳಿಯೂ ಮೇಲಿನ ಮಸುಕೂ ಬೇರೆ ಬೇರೆ ಎಂದೇ ನನಗೆ ಅನಿಸುತ್ತದೆ, ಅದರಲ್ಲೂ ಸಾಬೂನು ಹಾಕಿ ತೊಳೆದ ಮೇಲೆ ಮಸುಕು ಹೆಚ್ಚಾಯಿತು ಎಂಬ ಮಾತು ಬಹಳ ಮುಖ್ಯವಾದದ್ದು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬೋರ್‌ವೆಲ್ ನೀರು ಬಹುಪಾಲು ಗಡಸು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಅಂಥ ನೀರಿನಲ್ಲಿ ತೊಳೆದ ಕಲ್ಲನ್ನು ಗಾಳಿಗೆ ಒಣಗಲು ಬಿಟ್ಟರೆ ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಕೂರುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಗಾರು ಇದೇ. ಇನ್ನು ಬಾರ್ ಸಾಬೂನು ಗಡಸು ನೀರಿನೊಂದಿಗೆ ಸೇರಿದರೆ ನೊರೆ ಬರುವ ಬದಲು ಕರಗದ ಬಿಳಿ ಕೆನೆಯಂಥ ಕಶ್ಮಲ ಹುಟ್ಟುತ್ತದೆ. ಅದು ನುಣುಪಾದ ಕಲ್ಲಿನ ಮೇಲೆ ಚೆನ್ನಾಗಿ ಅಂಟುತ್ತದೆ. ಕೊನೆಯಲ್ಲಿ ಸಾಬೂನು ನೀರಿನಲ್ಲಿ ಉರುಳಿಸಿ ಎಂಬ ಸಲಹೆ ಹೊರದೇಶದ ಹವ್ಯಾಸಿಗಳಿಂದ ಬಂದದ್ದು. ಮೆದು ನೀರಿರುವ ಊರಿನಲ್ಲಿ ಅದು ಸರಿ, ನಮ್ಮ ಬೋರ್‌ವೆಲ್ ನೀರಿನಲ್ಲಿ ಅದೇ ಒಂದು ಹೊಸ ಲೇಪವಾಗಿಬಿಡುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಬೆಣಚುಕಲ್ಲೊಂದನ್ನು ಚೆನ್ನಾಗಿ ಒಣಗಿಸಿ, ಮಸುಕಿರುವ ಕಡೆ ಉಗುರಿನಿಂದ ಗೀಚಿ ನೋಡಿ. ಜಿಡ್ಡಿನಂತೆ ಸರಿದರೆ ಅದು ಸಾಬೂನಿನ ಕಶ್ಮಲ. ಬಣ್ಣ, ಸುಗಂಧ ಹೆಚ್ಚಿಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್‌ನ ಕೆಲವು ಹನಿಗಳಿಂದ ಹೋಗುತ್ತದೆ, ಏಕೆಂದರೆ ಅದು ಡಿಟರ್ಜೆಂಟ್, ಗಡಸು ನೀರಿನೊಂದಿಗೆ ಹೀಗೆ ಕೆನೆಗಟ್ಟುವುದಿಲ್ಲ. ಉಗುರಿಗೆ ಬಗ್ಗದಿದ್ದರೆ ಒಂದು ಲೋಟ ಶುದ್ಧ ನೀರಿಗೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಕರಗಿಸಿ, ಅದರ ಒಂದು ಹನಿಯನ್ನು ಮಸುಕಿನ ಮೇಲೆ ಬಿಟ್ಟು ಕೆಲವು ನಿಮಿಷ ಕಾದು ತೊಳೆದು ಒಣಗಿಸಿ. ಹನಿ ಬಿದ್ದಲ್ಲಿ ಕಲ್ಲು ಹೊಳೆದರೆ ಅದು ನೀರಿನ ಗಾರು. ಪಾಲಿಶ್ ಪುಡಿ ಇದಕ್ಕೆ ಕರಗುವುದಿಲ್ಲ. ಈ ಪರೀಕ್ಷೆಯನ್ನು ಬೆಣಚು, ಜಾಸ್ಪರ್, ಅಗೇಟ್‌ಗಳ ಮೇಲಷ್ಟೇ ಮಾಡಿ. ಶಹಾಬಾದ್ ಕಲ್ಲು, ಅಮೃತಶಿಲೆ, ಸುಣ್ಣದ ಕಲ್ಲುಗಳ ಹೊಳಪನ್ನು ನಿಂಬೆ ಉಪ್ಪು ತಿಂದುಹಾಕುತ್ತದೆ.

ಎರಡಕ್ಕೂ ಬಗ್ಗದ ಮಸುಕು ಇದೆಯಲ್ಲ, ಅದು ಕೊಳೆಯೇ ಅಲ್ಲ, ಅಪೂರ್ಣ ಹೊಳಪು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಡಿಯಾರ ರಿಪೇರಿಯವರ ಮಸೂರದಲ್ಲಿ ನೋಡಿದರೆ ಕಲ್ಲಿನ ಎತ್ತರದ ಭಾಗಗಳಲ್ಲಿಯೇ ಸಣ್ಣ ಗೀರುಗಳು ಕಾಣುತ್ತವೆ. ಉಳಿದುಕೊಂಡ ಪುಡಿ ಯಾವಾಗಲೂ ತಗ್ಗಿನಲ್ಲಿರುತ್ತದೆ, ಗೀರು ದಿಣ್ಣೆಯ ಮೇಲೂ ಇರುತ್ತದೆ; ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಸಾಕು. ಗೀರಿನ ಮಸುಕನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, 500 ಗ್ರಿಟ್‌ಗೆ ಹಿಂದಿರುಗಬೇಕು.


ಉತ್ತರ 2
ಬರೆದವರು: ಕುಷ್ಟಗಿ_ಗ್ರಾನೈಟ್ (ಕೊಪ್ಪಳ ಜಿಲ್ಲೆ)

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಗ್ರಾನೈಟ್ ಪಾಲಿಶ್ ಕೆಲಸದಲ್ಲಿರುವವನಾಗಿ ಪಟ್ಟೆಗಲ್ಲಿನ ಬಿಳಿ ಗೆರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬಹುದು.

ಹೆಮಟೈಟ್ ಪದರ ಜಾಸ್ಪರ್ ಪದರಕ್ಕಿಂತ ಮೆದು. ಖನಿಜಗಳ ಗಟ್ಟಿತನ ಹೇಳುವ ಮೋಸ್ ಅಳತೆಯಲ್ಲಿ ಜಾಸ್ಪರ್ 6.5 ರಿಂದ 7 ಇದ್ದರೆ ಹೆಮಟೈಟ್ 5 ರಿಂದ 6.5 ರೊಳಗೆ ಬರುತ್ತದೆ, ಮಣ್ಣು ಮಣ್ಣಾದ ಹೆಮಟೈಟ್ ಅದಕ್ಕಿಂತಲೂ ಮೆದುವಾಗಿರುತ್ತದೆ. ಒಂದೇ ಕಲ್ಲಿನಲ್ಲಿ ಗಟ್ಟಿ ಮತ್ತು ಮೆದು ಪದರಗಳು ಅಕ್ಕಪಕ್ಕದಲ್ಲಿದ್ದಾಗ ಉರುಳುವಾಗ ಮೆದು ಪದರ ಬೇಗ ಸವೆದು ತಗ್ಗಾಗುತ್ತದೆ, ಗಟ್ಟಿ ಪದರ ಉಬ್ಬಿ ನಿಲ್ಲುತ್ತದೆ. ಆ ಎರಡರ ನಡುವಿನ ಮೆಟ್ಟಿಲಿನ ಬುಡದಲ್ಲಿಯೇ ನಿಮ್ಮ ಕೂದಲೆಳೆಯ ಗೆರೆ ಕೂತಿರುವುದು. ಉಗುರಿನ ಅಂಚನ್ನು ಪಟ್ಟೆಗಳಿಗೆ ಅಡ್ಡವಾಗಿ ಎಳೆದರೆ ಟಕ್ ಟಕ್ ಎಂದು ತಡೆಯುವುದು ಕೈಗೆ ತಿಳಿಯುತ್ತದೆ. ಅಂದರೆ ಕೊಳೆ ತೆಗೆದರೂ ತಗ್ಗು ಉಳಿದೇ ಇರುತ್ತದೆ, ಮುಂದಿನ ಬಾರಿ ಮತ್ತೆ ಅಲ್ಲೇ ತುಂಬುತ್ತದೆ. ಪಟ್ಟೆಗಲ್ಲನ್ನು ಅಗೇಟ್, ಬೆಣಚಿನ ಜೊತೆ ಒಂದೇ ಡ್ರಮ್ಮಿಗೆ ಹಾಕದಿರುವುದು ಒಳ್ಳೆಯದು. ಗಟ್ಟಿ ಕಲ್ಲುಗಳು ಅದರ ಮೆದು ಪದರವನ್ನು ಬಡಿದು ಇನ್ನೂ ಆಳ ಮಾಡುತ್ತವೆ, ಜೊತೆಗೆ ಅದರ ಕೆಂಪು ಪುಡಿ ಬೆಣಚುಕಲ್ಲಿನ ಬಿರುಕಿಗೆಲ್ಲ ಹೊಕ್ಕು ಬಿಳಿಯ ಬದಲು ಕೆಂಪು ಗೆರೆ ಬರಿಸುತ್ತದೆ.

ಈಗಿರುವ ಪುಡಿಯನ್ನು ತೆಗೆಯುವ ಬಗೆ. ಪುಡಿ ಕಲ್ಲಿಗೆ ಅಂಟಿಲ್ಲ, ಒಣಗಿ ಒಂದಕ್ಕೊಂದು ಬಿಗಿದುಕೊಂಡಿದೆ, ಅಷ್ಟೆ. ಹಾಗಾಗಿ ಅದನ್ನು ಕರಗಿಸುವ ಯೋಚನೆ ಬಿಟ್ಟು ಸಡಿಲಿಸುವ ಯೋಚನೆ ಮಾಡಬೇಕು. ಶುದ್ಧ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲ್ಲುಗಳನ್ನು ಒಂದೆರಡು ದಿನ ನೆನೆಯಲು ಬಿಡಿ. ನೀರು ಉಗುರುಬೆಚ್ಚಗಿದ್ದರೆ ಒಳ್ಳೆಯದು, ಆದರೆ ಕುದಿಯುವ ನೀರನ್ನು ತಣ್ಣಗಿನ ಅಗೇಟ್ ಮೇಲೆ ಸುರಿಯಬೇಡಿ; ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿಂದಲೇ ಸೀಳುತ್ತದೆ. ನೆನೆದ ಮೇಲೆ ಕಲ್ಲು ನೀರಿನೊಳಗೆ ಇರುವಾಗಲೇ ಗಡುಸು ನೈಲಾನ್ ಬ್ರಷ್‌ನಿಂದ ಉಜ್ಜಿ. ಬ್ರಷ್ ಹೋಗದ ಗುಳಿಗೆ ಬಿದಿರಿನ ಟೂತ್‌ಪಿಕ್ ಅಥವಾ ತೆಂಗಿನ ಕಸಬರಿಗೆಯ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಬಳಸಿ. ಕಡ್ಡಿ ಒದ್ದೆಯಾದಾಗ ತುದಿ ನಾರಾಗಿ ಬಿಡಿಸಿಕೊಳ್ಳುತ್ತದೆ, ಆ ನಾರು ಗುಳಿಯ ಮೂಲೆಯಿಂದ ಪುಡಿಯನ್ನು ಚೆನ್ನಾಗಿ ಎತ್ತಿ ತರುತ್ತದೆ. ಸೂಜಿ, ಪಿನ್ನು, ಹಿತ್ತಾಳೆ ಬ್ರಷ್‌ಗಳು ಬೇಡ. ಬೆಣಚು ಉಕ್ಕಿಗಿಂತ ಗಟ್ಟಿ, ಆದ್ದರಿಂದ ಸೂಜಿಯೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿಡುತ್ತದೆ. ಹಿತ್ತಾಳೆ ಹಳದಿ ಗೆರೆ ಬಿಡುತ್ತದೆ. ಬಿಳಿ ತೆಗೆಯಲು ಹೋಗಿ ಬೂದು ಹಚ್ಚಿಕೊಂಡಂತೆ ಆಗುತ್ತದೆ.

ಕಲ್ಲುಗಳು ಬಹಳ ಇದ್ದರೆ ಒಂದೊಂದನ್ನೇ ಕೆದಕುವ ಬದಲು ದ್ವಿಚಕ್ರ ವಾಹನ ತೊಳೆಯುವ ಅಂಗಡಿಗೆ ಒಯ್ಯಿರಿ. ಈರುಳ್ಳಿ ತುಂಬುವ ಬಲೆಚೀಲದಲ್ಲಿ ಕಲ್ಲುಗಳನ್ನು ಕಟ್ಟಿ, ಚೀಲವನ್ನು ಸಿಮೆಂಟ್ ನೆಲದ ಮೇಲಿಟ್ಟು, ಆಗಾಗ ತಿರುವಿ ಹಾಕುತ್ತ ಪ್ರೆಷರ್ ಗನ್ ಹಿಡಿದರೆ ನೆನೆದ ಪುಡಿ ಬಹುಪಾಲು ಚಿಮ್ಮಿಹೋಗುತ್ತದೆ. ಅಲ್ಲಿಯ ನೀರೂ ಬೋರ್‌ವೆಲ್‌ದೇ ಆಗಿರುವುದರಿಂದ ಮನೆಗೆ ಬಂದು ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ, ಒಣ ಬಟ್ಟೆಯಿಂದ ಒರೆಸಿ. ತಾನಾಗಿ ಒಣಗಲು ಬಿಡಬೇಡಿ.

ಕೊನೆಯದಾಗಿ ಬಿಳಿಗಾರ, ಅಂದರೆ ಬೋರಾಕ್ಸ್. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಿಳಿಗಾರವನ್ನು ಪುಡಿ ಮಾಡಿ, ಮೂರು ಪೌಂಡ್ ಹಿಡಿಯುವ ಡ್ರಮ್ಮಿಗೆ ಅರ್ಧ ಟೇಬಲ್ ಚಮಚದಷ್ಟು ಹಾಕಿ, ಕಲ್ಲು ಮುಳುಗುವ ಮಟ್ಟಕ್ಕೆ ಸ್ವಲ್ಪ ಕಡಿಮೆ ನೀರು ತುಂಬಿ ಕೆಲವು ಗಂಟೆ ಉರುಳಿಸಿದರೆ ಮೇಲ್ಮೈಯ ಪುಡಿ ಪೂರ್ತಿ ಹೋಗುತ್ತದೆ, ಹೊಳಪೂ ಒಂದು ಪಟ್ಟು ಏರುತ್ತದೆ. ಬಿಳಿಗಾರ ಗಡಸು ನೀರನ್ನೂ ಸ್ವಲ್ಪ ಮೆದು ಮಾಡುವುದರಿಂದ ನಮ್ಮ ಕಡೆಗೆ ಸಾಬೂನಿಗಿಂತ ಇದೇ ವಾಸಿ. ಡ್ರಮ್, ಮುಚ್ಚಳ, ಜೊತೆಗೆ ಹಾಕುವ ಸೆರಾಮಿಕ್ ಗುಂಡುಗಳು, ಇವೆಲ್ಲ ಮೊದಲೇ ಚೊಕ್ಕಟವಾಗಿರಬೇಕು. ಬಿಳಿಗಾರ ಹೊಟ್ಟೆಗೆ ಹೋಗುವ ವಸ್ತುವಲ್ಲ, ಮಕ್ಕಳಿಂದ ದೂರವಿಡಿ. ಕಲ್ಲುಗಳನ್ನು ಆಮೇಲೆ ಎರಡು ನೀರಿನಲ್ಲಿ ಜಾಲಿಸಿ.


ಉತ್ತರ 3
ಬರೆದವರು: ಅಕ್ಕಸಾಲಿ_ಮನೆ (ಬಳ್ಳಾರಿ)

ನಮ್ಮದು ಬಂಗಾರದ ಕೆಲಸದ ಮನೆತನ. ಒಡವೆಯ ಹರಳಿನ ಹಿಂದೆ, ಕೆತ್ತನೆಯ ಸಂದಿನಲ್ಲಿ ಪಾಲಿಶ್ ಮಣ್ಣು ಉಳಿಯುವುದು ನಮಗೆ ನಿತ್ಯದ ಕಥೆ, ಅದನ್ನು ತೆಗೆಯಲು ನಾವು ಹಿಂದಿನಿಂದಲೂ ಬಳಸುವುದು ಅಂಟುವಾಳದ ನೀರು. ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆ ನೀರು ಸಿದ್ಧ. ಬಾರ್ ಸಾಬೂನಿನಂತೆ ಇದು ಗಡಸು ನೀರಿನಲ್ಲಿ ಕೆನೆಗಟ್ಟುವುದಿಲ್ಲ, ಆದ್ದರಿಂದ ಈ ಚರ್ಚೆಗೆ ಸರಿಯಾಗಿ ಹೊಂದುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಅದರ ಕಂದು ಬಣ್ಣ ಮಾತ್ರ ಗಮನದಲ್ಲಿರಲಿ: ಬಿರುಕು ಹೆಚ್ಚಿರುವ ಬಿಳಿ ಬೆಣಚುಕಲ್ಲನ್ನು ಅದರಲ್ಲಿ ಬಹಳ ಹೊತ್ತು ಬಿಡಬೇಡಿ.

ಅಲ್ಟ್ರಾಸಾನಿಕ್ ಕ್ಲೀನರ್ ಬಗ್ಗೆ ಯಾರೂ ಹೇಳಿಲ್ಲ. ಕನ್ನಡಕದ ಅಂಗಡಿ, ಒಡವೆ ಅಂಗಡಿಗಳಲ್ಲಿರುವ ಸಣ್ಣ ಸ್ಟೀಲ್ ತೊಟ್ಟಿ ಅದು. ಕಿವಿಗೆ ಕೇಳದಷ್ಟು ಉನ್ನತ ಕಂಪನ, ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನಷ್ಟು, ನೀರಿನಲ್ಲಿ ಅತಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತದೆ. ಆ ಗುಳ್ಳೆಗಳು ಬ್ರಷ್‌ನ ಕೂದಲು ಹೋಗದ ಕಡೆಯೂ ಹೋಗುತ್ತವೆ. ನೆನೆದ ಅಗೇಟನ್ನು ಅದರಲ್ಲಿ ಬಿಟ್ಟರೆ ಗುಳಿಯಿಂದ ಹೊಗೆಯಂತೆ ಬಿಳಿ ಎಳೆ ಹೊರಬರುವುದು ಕಣ್ಣಿಗೇ ಕಾಣುತ್ತದೆ. ಎಳೆ ನಿಂತ ಮೇಲೆ ನೀರು ಬದಲಿಸಿ ಮತ್ತೊಮ್ಮೆ ಬಿಡಬೇಕು. ಕಲ್ಲುಗಳು ಒಂದಕ್ಕೊಂದು ತಾಗದಂತೆ, ತೊಟ್ಟಿಯ ತಳಕ್ಕೂ ನೇರವಾಗಿ ಕೂರದಂತೆ ಬುಟ್ಟಿಯಲ್ಲಿ ಹರವಿ. ಮೈತುಂಬ ಬಿರುಕಿರುವ ಕಲ್ಲು ಬೇಡ, ಎರಡು ಹೋಳಾಗಬಹುದು. ಮಣ್ಣಿನಂಥ ಕೆಂಪು ಪದರವಿರುವ ಪಟ್ಟೆಗಲ್ಲೂ ಬೇಡ. ಪುಡಿಯ ಜೊತೆ ಪದರವೇ ಸಡಿಲಾಗಿ ನೀರು ರಕ್ತಗೆಂಪಾಗುತ್ತದೆ.

ಇಷ್ಟಾದರೂ ಉಳಿದ ಬಿಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಒರೆಸಿಬಿಟ್ಟರೆ ಪ್ರದರ್ಶನದ ಮಟ್ಟಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಯಾರೂ ದೊಡ್ಡ ಅಪರಾಧವೆಂದು ತಿಳಿಯಬೇಕಿಲ್ಲ.


ಪ್ರಶ್ನೆ ಕೇಳಿದವರಿಂದ
ಬರೆದವರು: ಬಳ್ಳಾರಿ_ಶಿಲೆ

ಮೂವರಿಗೂ ಕೃತಜ್ಞತೆಗಳು. ನೀವು ಹೇಳಿದ ಪರೀಕ್ಷೆಗಳನ್ನು ಬೆಣಚುಕಲ್ಲಿನ ಮೇಲೆ ಮಾಡಿ ನೋಡಿದೆ. ಮಸುಕಿನ ಬಹುಭಾಗ ಉಗುರಿಗೆ ಜಿಡ್ಡಾಗಿಯೇ ಬಂತು. ಲಿಕ್ವಿಡ್ ಹಾಕಿ ತೊಳೆದ ಮೇಲೆ ಉಳಿದದ್ದರ ಮೇಲೆ ನಿಂಬೆ ಉಪ್ಪಿನ ಹನಿ ಬಿಟ್ಟಾಗ ಆ ಜಾಗ ದುಂಡಗೆ ಹೊಳೆಯತೊಡಗಿತು. ಹಾಗಾಗಿ ಸಾಬೂನು ಮತ್ತು ಗಾರು ಎರಡೂ ಇದ್ದವೆಂದು ತಿಳಿಯಿತು. ಅಗೇಟ್‌ನ ಗುಳಿಯ ಬಿಳಿ ಮಾತ್ರ ಹನಿಗೆ ಏನೂ ಆಗದೆ ಹಾಗೆಯೇ ಕೂತಿದೆ. ಅದು ಪಾಲಿಶ್ ಪುಡಿಯೇ ಸರಿ, ಅದಕ್ಕೆ ಕಸಬರಿಗೆ ಕಡ್ಡಿಯ ದಾರಿ ಹಿಡಿದಿದ್ದೇನೆ.

ಇನ್ನು ಮೂರು ಸಂದೇಹಗಳಿವೆ. ಶುದ್ಧ ನೀರು ಎಂದು ಎಲ್ಲರೂ ಹೇಳುತ್ತಿದ್ದೀರಿ. ಮನೆಯ ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ನಾವು ಬಕೆಟ್‌ನಲ್ಲಿ ಹಿಡಿದಿಡುತ್ತೇವೆ, ಅದನ್ನು ಬಳಸಬಹುದೇ? ಗಂಗಾವತಿಯ ಕಡೆ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಒಣ ಹೊಟ್ಟಿನಲ್ಲಿ ಕಲ್ಲು ಉರುಳಿಸಿದರೆ ಪುಡಿ ಹೋಗುತ್ತದೆ ಎಂದು ಕೇಳಿದ್ದೇನೆ, ಅದು ನಿಜವೇ? ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಡ್ರಮ್ಮಿನಲ್ಲಿ ಈ ಪುಡಿ ಕೂರದಂತೆಯೇ ಮಾಡಲು ಸಾಧ್ಯವೇ?


ಉತ್ತರ 4
ಬರೆದವರು: ಕೃಷ್ಣೆಯ_ದಂಡೆ (ರಾಯಚೂರು)

ಆರ್‌ಓ ಯಂತ್ರ ಹೊರಹಾಕುವ ನೀರು ಬೇಡ. ಯಂತ್ರ ಸೋಸಿ ತೆಗೆದ ಲವಣವೆಲ್ಲ ಸೇರಿಕೊಳ್ಳುವುದು ಅದರಲ್ಲಿಯೇ, ಬೋರ್‌ವೆಲ್ ನೀರಿಗಿಂತ ಅದು ಹೆಚ್ಚು ಗಡಸು. ನೆಲ ಒರೆಸಲು ಅಡ್ಡಿಯಿಲ್ಲ. ಕಲ್ಲಿನ ಕೊನೆಯ ಜಾಲಾಟಕ್ಕೆ ಯಂತ್ರದ ಕುಡಿಯುವ ನೀರನ್ನೇ ಸ್ವಲ್ಪ ಬಳಸಿ, ಇಲ್ಲವೇ ಹಿಡಿದಿಟ್ಟ ಮಳೆನೀರು, ಅದೂ ಇಲ್ಲದಿದ್ದರೆ ಎಸಿ ಯಂತ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರು. ಗಾಳಿಯ ತೇವವೇ ತಣಿದು ಹನಿಯಾಗುವುದರಿಂದ ಎಸಿ ನೀರಿನಲ್ಲಿ ಲವಣ ಇರುವುದಿಲ್ಲವೆನ್ನುವಷ್ಟು ಕಡಿಮೆ, ಬಳ್ಳಾರಿಯ ಬೇಸಿಗೆಯಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಏರ್ ಕೂಲರ್‌ನ ತೊಟ್ಟಿಯ ನೀರು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಆವಿಯಾಗುತ್ತ ಲವಣ ದಿನೇ ದಿನೇ ಗಟ್ಟಿಯಾಗುತ್ತಿರುತ್ತದೆ.

ಭತ್ತದ ಹೊಟ್ಟಿನ ವಿಷಯದಲ್ಲಿ ನನಗೆ ಉತ್ಸಾಹವಿಲ್ಲ. ಹೊಟ್ಟಿನಲ್ಲಿ ಸಿಲಿಕಾ ಅಂಶ ಹೆಚ್ಚಿರುವುದರಿಂದ ಅದು ಮೇಲ್ಮೈಯನ್ನು ಒರೆಸಿ ಚೆಂದ ಮಾಡುತ್ತದೆ, ನಿಜ. ಆದರೆ ಒಣಗಿ ಬಿಗಿದ ಪುಡಿಯನ್ನು ಒಣ ಹೊಟ್ಟು ಗುಳಿಯಿಂದ ಎತ್ತುವುದಿಲ್ಲ, ಬದಲಿಗೆ ತನ್ನದೇ ದೂಳನ್ನು ಅದರ ಮೇಲೆ ತುರುಕುತ್ತದೆ. ಗುಳಿಯಿಲ್ಲದ, ನುಣ್ಣನೆಯ ಕಲ್ಲುಗಳಿಗಷ್ಟೇ ಅದು ಸರಿ.

ಕೊಬ್ಬರಿ ಎಣ್ಣೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ, ಅಕ್ಕಸಾಲಿ_ಮನೆಯವರು ಕ್ಷಮಿಸಬೇಕು. ಎಣ್ಣೆ ಬಿಳಿಯನ್ನು ತೆಗೆಯುವುದಿಲ್ಲ, ನೀರು ಮಾಡಿದ್ದನ್ನೇ ಸ್ವಲ್ಪ ಹೆಚ್ಚು ದಿನ ಮಾಡುತ್ತದೆ: ಪುಡಿಯ ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬಿ ಬೆಳಕು ಚದುರದಂತೆ ತಡೆಯುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಹತ್ತಾರು ಮಕ್ಕಳು ಮುಟ್ಟುವ ಕಲ್ಲಿನ ಮೇಲೆ ಎಣ್ಣೆ ಇದ್ದರೆ ದೂಳು ಹಿಡಿದು ಗುಳಿ ಬಿಳಿಯಿಂದ ಕಪ್ಪಾಗುತ್ತದೆ. ಆಮೇಲೆ ಅದನ್ನು ತೆಗೆಯುವುದು ಇನ್ನೂ ಕಷ್ಟ. ಮೇಲಾಗಿ ವಿಜ್ಞಾನ ಪ್ರದರ್ಶನದಲ್ಲಿ ಕಲ್ಲಿನ ನಿಜವಾದ ಮೈ ಕಾಣಬೇಕು. ಗುಳಿಯಲ್ಲಿ ಬಿಳಿ ಉಳಿದ ಅಗೇಟ್ ಒಂದನ್ನು ಹಾಗೆಯೇ ಇಟ್ಟು, ಅದು ಏಕೆ ಉಳಿಯಿತೆಂದು ಮಕ್ಕಳಿಗೆ ವಿವರಿಸಿದರೂ ಚೆಂದವೇ.


ಉತ್ತರ 5
ಬರೆದವರು: ಕುಷ್ಟಗಿ_ಗ್ರಾನೈಟ್ (ಕೊಪ್ಪಳ ಜಿಲ್ಲೆ)

ಕೂರದಂತೆ ಮಾಡುವ ಬಗ್ಗೆ ಕೇಳಿದ್ದೀರಿ. ಪೂರ್ತಿ ತಡೆಯಲಾಗದು, ಆದರೆ ಮುಕ್ಕಾಲು ಪಾಲು ಕೆಲಸ ಪಾಲಿಶ್ ಹಂತಕ್ಕಿಂತ ಮೊದಲೇ ಇದೆ.

ಗುಳಿಯಿರುವ ಕಲ್ಲನ್ನು ಪಾಲಿಶ್‌ಗೆ ಕಳಿಸದಿರುವುದೇ ಮೊದಲ ಉಪಾಯ. 80 ಗ್ರಿಟ್ ಹಂತ ಇರುವುದೇ ಆಕಾರ ಕೊಡುವುದಕ್ಕೆ ಮತ್ತು ಗುಳಿ, ಬಿರುಕುಗಳನ್ನು ಸವೆಸಿ ಇಲ್ಲವಾಗಿಸುವುದಕ್ಕೆ. ವಾರ ಮುಗಿಯಿತೆಂದು ಎಲ್ಲವನ್ನೂ ಮುಂದಿನ ಹಂತಕ್ಕೆ ದಾಟಿಸದೆ, ಒಂದೊಂದು ಕಲ್ಲನ್ನೂ ಒಣಗಿಸಿ ಬೆಳಕಿಗೆ ಹಿಡಿದು ನೋಡಿ. ಗುಳಿ ಉಳಿದಿರುವ ಕಲ್ಲುಗಳನ್ನು ಮತ್ತೆ 80ಕ್ಕೇ ಹಾಕಿ. ಕೃಷ್ಣೆಯ ಅಗೇಟ್‌ಗಳಲ್ಲಿ ಒಳಗೆ ಹರಳುಗಟ್ಟಿದ ಪೊಟರೆ ಇರುವಂಥವನ್ನು ಎಷ್ಟು ಸವೆಸಿದರೂ ಮುಗಿಯುವುದಿಲ್ಲ, ಅವನ್ನು 500 ಗ್ರಿಟ್‌ಗೆ ನಿಲ್ಲಿಸಿ ಬೇರೆ ಇಡುವುದು ಜಾಣತನ. ಪಾಲಿಶ್ ಮಾಡಲೇಬೇಕೆಂದಿದ್ದರೆ ಪೊಟರೆಗೆ ಮೊದಲೇ ಮೇಣ ತುಂಬಿ ಮುಚ್ಚುವವರೂ ಇದ್ದಾರೆ. ಅದು ಉರುಳುವಾಗ ಕಿತ್ತುಬಂದು ಡ್ರಮ್ಮಿನೊಳಗೆ ಅಂಟುವುದರಿಂದ ನನಗೆ ಅದು ಹಿಡಿಸಿಲ್ಲ.

ಎರಡನೆಯದು ಹಂತಗಳ ನಡುವಿನ ತೊಳೆತ. ಪಾಲಿಶ್ ಪುಡಿಯನ್ನು ಹಿಡಿದಿಟ್ಟುಕೊಳ್ಳುವ ಗುಳಿ ಅದಕ್ಕೆ ಮೊದಲು ಸಿಲಿಕಾನ್ ಕಾರ್ಬೈಡನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಬಿಳಿಯ ನಡುವೆ ಬೂದು ಅಥವಾ ಕಪ್ಪು ಮಿನುಗು ಕಂಡರೆ ಅದು ಹಿಂದಿನ ಹಂತದ ಗ್ರಿಟ್. ಅದರ ಒಂದು ಕಣ ಪಾಲಿಶ್ ಹಂತದಲ್ಲಿ ಹೊರಬಂದರೆ ಇಡೀ ಡ್ರಮ್ಮಿನ ಕಲ್ಲುಗಳಿಗೆ ಗೀರು ಬೀಳುತ್ತದೆ. ಪಾಲಿಶ್ ಪುಡಿಯೂ ಬಣ್ಣದಿಂದಲೇ ಗುರುತು ಸಿಗುತ್ತದೆ: ಅಲ್ಯುಮಿನಿಯಂ ಆಕ್ಸೈಡ್ ಬಿಳಿ, ಸೀರಿಯಂ ಆಕ್ಸೈಡ್ ಸಾಮಾನ್ಯವಾಗಿ ತಿಳಿ ಗುಲಾಬಿ ಅಥವಾ ಕೆನೆ ಬಣ್ಣ, ಕ್ರೋಮಿಯಂ ಆಕ್ಸೈಡ್ ಹಸಿರು. ಬಿಳಿ ಬೆಣಚುಕಲ್ಲಿಗೆ ಹಸಿರಿನದನ್ನು ಬಳಸಬೇಡಿ, ಬಿರುಕಿಗೆ ಹೊಕ್ಕರೆ ಮತ್ತೆ ಬಿಡುವುದಿಲ್ಲ.

ಮೂರನೆಯದು ನಮ್ಮ ಕಡೆಯ ಬಿಸಿಲಿಗೆ ಸಂಬಂಧಿಸಿದ್ದು. ಪಾಲಿಶ್ ಹಂತ ಮುಗಿದು ಡ್ರಮ್ ತೆರೆದ ಕ್ಷಣದಿಂದ ಪುಡಿ ಒಣಗಲು ತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಕಲ್ಲುಗಳನ್ನು ತಟ್ಟೆಯಲ್ಲಿ ಹರವಿ ಎಷ್ಟು ಹೊಳಪು ಬಂದಿದೆ ಎಂದು ನೋಡುತ್ತ ಕೂತರೆ ನೋಡುನೋಡುತ್ತಲೇ ಅಂಚುಗಳು ಬೆಳ್ಳಗಾಗುತ್ತವೆ. ಒಮ್ಮೆ ಬಿಗಿದ ಮೇಲೆ ಬೇಕಾಗುವ ಶ್ರಮದ ಕಾಲುಭಾಗವೂ ಒದ್ದೆ ಇರುವಾಗ ಬೇಕಾಗುವುದಿಲ್ಲ. ಡ್ರಮ್ ತೆರೆಯುವ ಮೊದಲೇ ಪಕ್ಕದಲ್ಲಿ ಲಿಕ್ವಿಡ್ ಹಾಕಿದ ನೀರಿನ ಬಕೆಟ್ ಇಟ್ಟುಕೊಂಡಿರಿ, ಕಲ್ಲುಗಳು ನೇರವಾಗಿ ಅದಕ್ಕೆ ಬೀಳಲಿ, ಅಲ್ಲಿಂದ ಬಿಳಿಗಾರದ ಡ್ರಮ್ಮಿಗೆ ಹೋಗಲಿ. ಕರೆಂಟ್ ಹೋದಾಗಲೂ ಇದೇ ಎಚ್ಚರ ಬೇಕು. ಡ್ರಮ್ ಬಹಳ ಹೊತ್ತು ನಿಂತರೆ ಪುಡಿ ತಳಕ್ಕಿಳಿದು ಕೆಳಗಿನ ಕಲ್ಲುಗಳ ಸಂದಿಯಲ್ಲಿ ಬಿಗಿಯುತ್ತದೆ; ಕರೆಂಟ್ ಬರುವುದು ತಡವೆಂದು ಗೊತ್ತಾದರೆ ಆಗಾಗ ಕೈಯಿಂದ ಉರುಳಿಸಿ, ಮುಚ್ಚಳ ಮಾತ್ರ ತೆರೆಯಬೇಡಿ.

ಹಾಗೆಯೇ ಡ್ರಮ್ಮಿನೊಳಗೆ ನಿಂಬೆ ಉಪ್ಪು, ವಿನೆಗರ್ ಹಾಕಿ ಮುಚ್ಚಿ ಉರುಳಿಸುವ ಪ್ರಯೋಗ ಮಾಡಬೇಡಿ. ಅಗೇಟ್‌ನ ಪೊಟರೆಯಲ್ಲಿ ಕ್ಯಾಲ್ಸೈಟ್ ಇದ್ದರೆ ಅನಿಲ ಹುಟ್ಟಿ ಮುಚ್ಚಳ ಸಿಡಿಯುತ್ತದೆ.


ಉತ್ತರ 6
ಬರೆದವರು: ಅಕ್ಕಸಾಲಿ_ಮನೆ (ಬಳ್ಳಾರಿ)

ಎಣ್ಣೆಯ ವಿಚಾರದಲ್ಲಿ ಕೃಷ್ಣೆಯ_ದಂಡೆಯವರ ಮಾತು ಮಕ್ಕಳು ಮುಟ್ಟುವ ಕಲ್ಲಿಗೆ ಸರಿಯಾಗಿದೆ. ಗಾಜಿನ ಪೆಟ್ಟಿಗೆಯೊಳಗೆ ಇಡುವ ಕಲ್ಲಿಗೆ ನನ್ನದೂ ನಡೆಯುತ್ತದೆ ಎಂದಷ್ಟೇ ಹೇಳಿ ಬಿಡುತ್ತೇನೆ.

ಕಲ್ಲು ಆರಿಸುವ ವಿಷಯದಲ್ಲಿ ಒಂದು ಮಾತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್‌ಗಳಂಥ ಕಲ್ಲಿನ ಮಣಿಗಳು ದೊರೆತಿವೆ. ನಮ್ಮ ಬಳ್ಳಾರಿಯ ಪಕ್ಕದ ಸಂಗನಕಲ್ಲು ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಕಡೆದು, ಉಜ್ಜಿ ನುಣುಪು ಮಾಡಿದ ಜಾಗ. ಮಳೆ ಬಂದ ಮೇಲೆ ಅಂಥ ದಿಬ್ಬಗಳ ಮೇಲೆ ಕೆಂಪು ಹರಳುಗಳು ಹೊಳೆಯುತ್ತವೆ, ಟಂಬ್ಲರ್ ಇರುವವರ ಕೈ ತಡೆಯುವುದಿಲ್ಲ. ಅವು ಸಾವಿರಾರು ವರ್ಷಗಳ ಹಿಂದೆ ಯಾರೋ ಆರಿಸಿ, ಸೀಳಿ, ಅರ್ಧ ಕೆಲಸ ಮಾಡಿಟ್ಟ ತುಣುಕುಗಳಾಗಿರಬಹುದು. 80 ಗ್ರಿಟ್‌ನಲ್ಲಿ ಒಮ್ಮೆ ಉರುಳಿದರೆ ಆ ಗುರುತೆಲ್ಲ ಅಳಿಸಿಹೋಗುತ್ತದೆ. ಅಲ್ಲಿಂದ ಯಾವುದನ್ನೂ ತರಬೇಡಿ. ಗ್ರಾನೈಟ್ ಕೆಲಸದವರು ಬಿಸಾಡುವ ಚೂರುಗಳು, ಹೊಲದ ಬದುವಿನ ಬೆಣಚು, ಇಷ್ಟು ಸಾಕಾಗುತ್ತವೆ.

ಇನ್ನು ತೊಳೆದ ರಾಡಿ ನೀರು. ಅದನ್ನು ಸಿಂಕ್‌ಗೆ ಸುರಿಯಬೇಡಿ. ಪಾಲಿಶ್ ಪುಡಿಯೂ ಕಲ್ಲಿನ ಹಿಟ್ಟೂ ಸೇರಿದ ಆ ರಾಡಿ ಪೈಪಿನ ಬಾಗಿನಲ್ಲಿ ತಳಕಚ್ಚಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಪೈಪನ್ನೇ ಬದಲಿಸಬೇಕಾಗುತ್ತದೆ. ಹಳೆಯ ಬಕೆಟ್‌ನಲ್ಲಿ ಒಂದು ದಿನ ತಿಳಿಯಲು ಬಿಟ್ಟು, ಮೇಲಿನ ನೀರನ್ನು ಚೆಲ್ಲಿ, ಉಳಿದ ಕೆಸರನ್ನು ಹಾಳೆಯ ಮೇಲೆ ಸ್ವಲ್ಪ ಆರಲು ಬಿಟ್ಟು ಕಸಕ್ಕೆ ಹಾಕಿ. ಒಣಗಿದ ಕೆಸರನ್ನು ಕೈಯಿಂದ ಪುಡಿ ಮಾಡಬೇಡಿ, ಗುಡಿಸಲೂ ಬೇಡಿ. ಬೆಣಚಿನ ದೂಳು ಉಸಿರಿಗೆ ಹೋಗುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪೂರ್ತಿ ಒಣಗುವ ಮೊದಲೇ, ಹಸಿಹಸಿಯಾಗಿರುವಾಗ ಹಾಳೆಯ ಸಮೇತ ಮಡಚಿ ಎಸೆದರೆ ದೂಳು ಏಳುವುದಿಲ್ಲ.


ಪ್ರಶ್ನೆ ಕೇಳಿದವರಿಂದ
ಬರೆದವರು: ಬಳ್ಳಾರಿ_ಶಿಲೆ

ಎಸಿ ನೀರಿಗೆ ಬಕೆಟ್ ಇಟ್ಟಾಯಿತು, ಅಂಟುವಾಳವೂ ನೆನೆಯುತ್ತಿದೆ. ಅಗೇಟ್‌ಗಳನ್ನು ಮೊದಲು ಅಂಟುವಾಳದಲ್ಲಿ, ಉಳಿದದ್ದನ್ನು ಅಲ್ಟ್ರಾಸಾನಿಕ್‌ನಲ್ಲಿ ನೋಡುತ್ತೇನೆ. ಬೆಣಚುಕಲ್ಲಿಗೆ ಬಿಳಿಗಾರ ಸಾಕು ಎನಿಸುತ್ತದೆ. ಪಟ್ಟೆಗಲ್ಲುಗಳನ್ನು ಪ್ರತ್ಯೇಕ ಡ್ರಮ್ಮಿನಲ್ಲಿ, ಸೆರಾಮಿಕ್ ಗುಂಡುಗಳನ್ನು ಹೆಚ್ಚು ಹಾಕಿ, 500 ಗ್ರಿಟ್‌ನಿಂದ ಮತ್ತೆ ಶುರು ಮಾಡುವೆ. ಬಿಳಿ ಗೆರೆ ಹೋದ ಮೇಲೂ ಉಗುರಿಗೆ ಮೆಟ್ಟಿಲು ತಾಗುವ ಕಲ್ಲುಗಳಿಗೆ ಪಾಲಿಶ್ ಹಾಕದೆ, ಮಂದ ಹೊಳಪಿನಲ್ಲಿಯೇ ನಿಲ್ಲಿಸುತ್ತೇನೆ.